ಕರೆಂಟ್ ಇದ್ದಾಗಲೇ ಆರುವ ಕಂಪ್ಯೂಟರ್: ಹೊಸ ಯುಪಿಎಸ್ ತರುವ ಮೊದಲು ನೋಡಬೇಕಾದ್ದು

ಯುಪಿಎಸ್ ಅಂದರೆ ಕರೆಂಟ್ ಹೋದರೂ ಕಂಪ್ಯೂಟರನ್ನು ಸ್ವಲ್ಪ ಹೊತ್ತು ನಡೆಸುವ ಬ್ಯಾಟರಿ ಪೆಟ್ಟಿಗೆ. ಮನೆಯ ಕಂಪ್ಯೂಟರಿಗೆ ಯಾವ ಯುಪಿಎಸ್ ತಗೊಳ್ಳಲಿ ಅಂತ ಕೇಳುವವರು ಜಾಸ್ತಿ. ಈಗಿರುವುದು ಯಾಕೆ ಕೈಕೊಟ್ಟಿತು ಅಂತ ನೋಡುವವರು ಕಡಿಮೆ. ನಾನೂ ನೋಡಲಿಲ್ಲ. ಒಂದು ಬ್ಯಾಟರಿಯ ದುಡ್ಡು ಹೋಯಿತು, ಮಾಡಿದ ಕೆಲಸ ಎರಡು ಸಲ ಹೋಯಿತು. ನಿಮಗೆ ಹಾಗಾಗಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮದು ಹಳೆಯ ಮನೆ. ಮನೆಯಲ್ಲೇ ಡಿಟಿಪಿ ಮಾಡುತ್ತೇನೆ. ಲಗ್ನಪತ್ರಿಕೆ, ಸೊಸೈಟಿಗಳ ವಾರ್ಷಿಕ ವರದಿ, ಆಗೊಮ್ಮೆ ಈಗೊಮ್ಮೆ ಒಂದು ಪುಸ್ತಕ. ಟೇಬಲ್ ಕೆಳಗೆ 600 ವಿಎ ಯುಪಿಎಸ್ (ವಿಎ ಅನ್ನುವುದು ಯುಪಿಎಸ್ ಎಷ್ಟು ಲೋಡ್ ಹೊರುತ್ತದೆ ಅನ್ನುವ ಅಳತೆ). ಮೂರು ವರ್ಷ ತಕರಾರಿಲ್ಲದೆ ನಡೆದಿತ್ತು. ಹೋದ ಬೇಸಿಗೆಯಲ್ಲಿ, ನಳ ಬಂದ ಒಂದು ಸಂಜೆ, ಹಿತ್ತಲಲ್ಲಿ ನೀರು ತುಂಬಿಸಿ ಒಳಗೆ ಬಂದರೆ ಕಂಪ್ಯೂಟರ್ ಆರಿತ್ತು. ಪುಸ್ತಕವೊಂದರ ಒಂದು ತಾಸಿನ ತಿದ್ದುಪಡಿ ಪೂರ್ತಿ ಹೋಗಿತ್ತು. ಕರೆಂಟ್ ಹೋಗಿ ಬಂದಿರಬೇಕು, ಬ್ಯಾಟರಿ ಹಳೆಯದಾಯಿತು ಅಂದುಕೊಂಡೆ. ಅಂಗಡಿಯವರೂ ಅದನ್ನೇ ಹೇಳಿದರು: "ಬ್ಯಾಟರಿ ಹೋಗೈತ್ರೀ ಅಕ್ಕಾರ, ಬದಲಿ ಮಾಡಿಬಿಡ್ರಿ." ಬದಲಿಸಿದೆ. ಎರಡು ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಕಥೆ. ಈ ಸಲ 1100 ವಿಎ ದೊಡ್ಡದನ್ನೇ ತಂದುಬಿಡೋಣ ಅಂತ ಹೊರಟಿದ್ದೆ.

ರಾತ್ರಿ ಊಟಕ್ಕೆ ಕೂತಾಗ ಅತ್ತೆಯವರು ಒಂದು ಮಾತು ಅಂದರು. "ಕರೆಂಟ್ ಎಲ್ಲಿ ಹೋಗಿತ್ತವಾ? ನಾ ಟಿವಿ ನೋಡಕೋತ ಕೂತಿದ್ದೆ, ಒಂದ್ಸಲನೂ ಬಂದಾಗಿಲ್ಲ."

ಆ ಮಾತಿಂದಲೇ ನನ್ನ ಹುಡುಕಾಟ ಶುರುವಾಯಿತು.

ಮೊದಲು ವೇಳೆ ಹಿಡಿಯಿರಿ

ಕಂಪ್ಯೂಟರ್ ಯಾವಾಗ ಆರಿತು ಅನ್ನುವುದು ಕಂಪ್ಯೂಟರಿನಲ್ಲೇ ಬರೆದಿರುತ್ತದೆ. ವಿಂಡೋಸ್‌ನಲ್ಲಿ ಈವೆಂಟ್ ವ್ಯೂವರ್ ತೆರೆದು, ವಿಂಡೋಸ್ ಲಾಗ್ಸ್ ಒಳಗೆ ಸಿಸ್ಟಮ್‌ಗೆ ಹೋಗಿ. 41 ಮತ್ತು 6008 ಎಂಬ ನಂಬರಿನ ಸಾಲುಗಳನ್ನು ಹುಡುಕಿ. 41 ಅಂದರೆ ಸರಿಯಾಗಿ ಶಟ್‌ಡೌನ್ ಆಗದೆ ಮಷಿನ್ ಮತ್ತೆ ಶುರುವಾಗಿದೆ ಅಂತ. 6008ರಲ್ಲಿ ಅದು ಆರಿದ ದಿನ ಮತ್ತು ವೇಳೆ ಇರುತ್ತದೆ. ಇವನ್ನು ಒಂದು ಕಾಗದದ ಮೇಲೆ ಬರೆದುಕೊಂಡು, ಆ ಹೊತ್ತಿಗೆ ಮನೆಯಲ್ಲಿ ಏನು ನಡೆದಿತ್ತು ಅಂತ ನೆನಪು ಮಾಡಿಕೊಳ್ಳಿ.

ನನ್ನ ಕಾಗದದಲ್ಲಿ ಐದು ವೇಳೆ ಬಂದವು. ಕ್ಯಾಲೆಂಡರಿನಲ್ಲಿ ನಳ ಬರುವ ದಿನಗಳಿಗೆ ಗುರುತು ಹಾಕುವ ರೂಢಿ ನಮ್ಮ ಮನೆಯಲ್ಲಿದೆ. ಹುಬ್ಬಳ್ಳಿ-ಧಾರವಾಡದಲ್ಲಿ ಎಷ್ಟೋ ಓಣಿಗಳಿಗೆ ಕೆಲವು ದಿನಗಳಿಗೊಮ್ಮೆ ನೀರು ಬರುತ್ತದೆ, ಹಾಗಾಗಿ ಗುರುತು ಬೇಕೇ ಬೇಕು. ಐದರಲ್ಲಿ ನಾಲ್ಕು ಆ ಗುರುತುಗಳ ಮೇಲೇ ಕೂತವು. ಐದನೆಯದು ಗುಡುಗು-ಮಳೆಯ ದಿನ, ಅವತ್ತು ನಿಜವಾಗಿ ಕರೆಂಟ್ ಹೋಗಿತ್ತು.

ನಿಮ್ಮ ವೇಳೆಗಳು ಬೇರೆ ಥರ ಇರಬಹುದು. ಕರೆಂಟ್ ಹೋದ ಕ್ಷಣಕ್ಕೇ ಆರುತ್ತಿದ್ದರೆ ಬ್ಯಾಟರಿ, ಲೋಡ್ ಅಥವಾ ಯುಪಿಎಸ್‌ನಿಂದ ಬರುವ ಅಲೆಯ ಆಕಾರ ನೋಡಬೇಕು. ಐದು ನಿಮಿಷ ನಡೆದು ಆರುತ್ತಿದ್ದರೆ ಹೆಚ್ಚಾಗಿ ಬ್ಯಾಟರಿ ಸೋತಿರುತ್ತದೆ. ಕರೆಂಟ್ ಇದ್ದಾಗಲೂ ಬೀಪ್ ಬೀಪ್ ಅನ್ನುತ್ತಿದ್ದರೆ ಒಳಗೆ ಬರುವ ವೋಲ್ಟೇಜ್ ನೋಡಬೇಕು. ಪ್ರಿಂಟರ್ ಶುರು ಮಾಡಿದಾಗ ಆರಿದರೆ ಅದು ಓವರ್‌ಲೋಡ್.

ಬ್ಯಾಟರಿ ನಿಜವಾಗಿ ಹೋಗಿದೆಯಾ?

600 ವಿಎ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಇರುವುದು 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಸೀಲ್ಡ್ ಬ್ಯಾಟರಿ. 1000 ವಿಎ ಆದರೆ ಬಹಳಷ್ಟರಲ್ಲಿ ಅಂಥವೇ ಎರಡು. ಇವು ಎರಡು-ಮೂರು ವರ್ಷ ಬಾಳುತ್ತವೆ. ಕಂಪನಿಯವರು ಹೇಳುವ ಆಯುಷ್ಯ ಮಾತ್ರ 25 ಡಿಗ್ರಿ ಬಿಸಿಗೆ ಲೆಕ್ಕ ಹಾಕಿದ್ದು. ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಬ್ಯಾಟರಿಯವರ ಸಾಮಾನ್ಯ ಲೆಕ್ಕ. ಏಪ್ರಿಲ್‌ನಲ್ಲಿ ಹುಬ್ಬಳ್ಳಿ, ಗದಗಿನ ಕೋಣೆಗಳಲ್ಲಿ ಎಷ್ಟು ಧಗೆ ಇರುತ್ತದೆ ಅಂತ ನಿಮಗೇ ಗೊತ್ತು. ಯುಪಿಎಸ್ ಅನ್ನು ಕಪಾಟಿನೊಳಗೆ ಇಟ್ಟು ಬಾಗಿಲು ಮುಚ್ಚಬೇಡಿ. ಗೋಡೆಯಿಂದ ಒಂದು ಗೇಣು ಮುಂದಿರಲಿ.

ಪರೀಕ್ಷೆಗೆ ಕಂಪ್ಯೂಟರ್ ಹಚ್ಚಬೇಡಿ. 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬು ಎರಡು ಸಿಕ್ಕರೆ ಸಾಕು. ಒಂದು ರಾತ್ರಿ ಪೂರ್ತಿ ಚಾರ್ಜ್ ಆಗಲು ಬಿಡಿ. ಆಮೇಲೆ ಬಲ್ಬುಗಳನ್ನು ಯುಪಿಎಸ್‌ಗೆ ಸಿಕ್ಕಿಸಿ, ಗೋಡೆಯ ಸ್ವಿಚ್ ಆಫ್ ಮಾಡಿ, ಗಡಿಯಾರ ನೋಡಿ. 120 ವ್ಯಾಟಿಗೆ ಹತ್ತು ನಿಮಿಷ ದಾಟಿದರೆ ಬ್ಯಾಟರಿ ಚೆನ್ನಾಗಿದೆ. ಒಂದೆರಡು ನಿಮಿಷಕ್ಕೆ ಆರಿದರೆ ಅದರ ಕಾಲ ಮುಗಿಯಿತು. 12 ಗುಣಿಸು 7 ಅಂದರೆ 84 ವ್ಯಾಟ್-ಅವರ್, ಹಾಗಾದರೆ 120 ವ್ಯಾಟಿಗೆ 40 ನಿಮಿಷ ಬರಬೇಕಲ್ವಾ ಅಂತ ಲೆಕ್ಕ ಹಾಕುವವರಿದ್ದಾರೆ. ಬರುವುದಿಲ್ಲ. ಆ 7 ಅನ್ನುವುದು 20 ತಾಸು ನಿಧಾನಕ್ಕೆ ಎಳೆದಾಗ ಸಿಗುವ ಅಳತೆ. ಜೋರಾಗಿ ಎಳೆದರೆ ಅದರ ಅರ್ಧ ಸಿಕ್ಕರೆ ಹೆಚ್ಚು. ಮೇಲೆ ಬ್ಯಾಟರಿಯ 12 ವೋಲ್ಟನ್ನು 230 ಮಾಡುವ ಇನ್ವರ್ಟರ್ ಸರ್ಕ್ಯೂಟ್ ತಾನೂ ಒಂದಿಷ್ಟು ತಿನ್ನುತ್ತದೆ.

ಮಲ್ಟಿಮೀಟರ್ ಇದ್ದವರು ಇನ್ನೂ ಖಚಿತವಾಗಿ ನೋಡಬಹುದು. ಚಾರ್ಜ್ ಮುಗಿಸಿ, ಯುಪಿಎಸ್ ಬಂದ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಬ್ಯಾಟರಿ ಹೊರತೆಗೆಯಿರಿ. ಪ್ಲಗ್ ಕಿತ್ತರೂ ಆನ್ ಇದ್ದ ಯುಪಿಎಸ್ ಒಳಗೆ 230 ವೋಲ್ಟ್ ಹುಟ್ಟುತ್ತಲೇ ಇರುತ್ತದೆ, ಈ ಮಾತು ಮರೆಯಬೇಡಿ. ಕೆಲವು ತಾಸು ಸುಮ್ನೆ ಇಟ್ಟ ಒಳ್ಳೆಯ ಬ್ಯಾಟರಿ 12.7ರ ಮೇಲೆ ತೋರಿಸುತ್ತದೆ. 12ಕ್ಕಿಂತ ಕೆಳಗಿದ್ದರೆ ಸಂಶಯಪಡಿ. ಹತ್ತೂವರೆಯ ಹತ್ತಿರ ನಿಂತಿದ್ದರೆ ಒಳಗಿನ ಆರು ಸೆಲ್‌ಗಳಲ್ಲಿ ಒಂದು ಸತ್ತಿದೆ. ಪಕ್ಕೆ ಉಬ್ಬಿದ್ದರೆ ಯಾವ ಪರೀಕ್ಷೆಯೂ ಬೇಡ, ಅದನ್ನು ಮತ್ತೆ ಜೋಡಿಸಬೇಡಿ.

ಹೊರತೆಗೆದಾಗ ಆ ಎರಡು ಚಪ್ಪಟೆ ಟರ್ಮಿನಲ್‌ಗಳನ್ನು ಕಣ್ಣಿಟ್ಟು ನೋಡಿ. ಈ ಬ್ಯಾಟರಿಗಳಲ್ಲಿ 4.8 ಮಿಲಿಮೀಟರ್ ಅಗಲದ್ದು, 6.3 ಮಿಲಿಮೀಟರ್ ಅಗಲದ್ದು ಅಂತ ಎರಡು ಥರ ಬರುತ್ತವೆ. ನನ್ನ ಹೊಸ ಬ್ಯಾಟರಿಗೆ ಇದ್ದದ್ದು ಸಣ್ಣದು, ಯುಪಿಎಸ್ ವೈರಿನ ತುದಿಯ ಕ್ಲಿಪ್ ದೊಡ್ಡದು. ಬೆರಳಲ್ಲಿ ಮುಟ್ಟಿದರೆ ಕ್ಲಿಪ್ ಅಲ್ಲಾಡುತ್ತಿತ್ತು. ಬ್ಯಾಟರಿಯ ಮೇಲೆ ಓಡುವಾಗ ಅಲ್ಲಿ ಹತ್ತು ಆಂಪಿಯರ್ ಹರಿಯುತ್ತದೆ, ಸಡಿಲಿದ್ದರೆ ಬಿಸಿಯಾಗಿ ಬಣ್ಣ ಕೆಡುತ್ತದೆ. ಪಕ್ಕಡಿನಲ್ಲಿ ಕ್ಲಿಪ್ಪಿನ ಅಂಚು ಹದವಾಗಿ ಒತ್ತಿ ಬಿಗಿ ಮಾಡಿದೆ. ಬಲ್ಬು ಪರೀಕ್ಷೆ ಮಾಡಿದರೆ 14 ನಿಮಿಷ ಬಂತು. ಬ್ಯಾಟರಿ ಸರಿ ಇತ್ತು. ಹಳೆಯದನ್ನೂ ಹೀಗೇ ಪರೀಕ್ಷೆ ಮಾಡಿ ನೋಡಬೇಕಿತ್ತು, ಅದನ್ನು ಆಗಲೇ ಅಂಗಡಿಯಲ್ಲಿ ಕೊಟ್ಟುಬಿಟ್ಟಿದ್ದೆ.

ಲೋಡ್ ಮತ್ತು ಅಲೆ

600 ವಿಎ ಅಂದರೆ 600 ವ್ಯಾಟ್ ಅಲ್ಲ. ಮನೆಗೆ ತರುವ ಅಗ್ಗದ ಪೆಟ್ಟಿಗೆಗಳಲ್ಲಿ 0.6ರಿಂದ ಗುಣಿಸಿ, 360 ವ್ಯಾಟ್ ಬರುತ್ತದೆ. ಹಿಂದೆ ಅಂಟಿಸಿದ ಚೀಟಿಯಲ್ಲಿ ವ್ಯಾಟ್ ಬರೆದಿದ್ದರೆ ಅದೇ ಸತ್ಯ. ಬರವಣಿಗೆ, ಲೆಕ್ಕಪತ್ರದ ಕಂಪ್ಯೂಟರ್ ಮಾನಿಟರ್ ಸೇರಿ ಸುಮಾರು 100 ವ್ಯಾಟ್ ಎಳೆಯುತ್ತದೆ. ಅಲ್ಲಿಗೆ 600 ವಿಎ ಧಾರಾಳ. ಲೇಸರ್ ಪ್ರಿಂಟರ್ ಮಾತ್ರ ಎಂದೂ ಯುಪಿಎಸ್‌ಗೆ ಹಚ್ಚಬೇಡಿ. ಕಾಗದ ಕಾಯಿಸುವ ಅದರ ರೋಲರ್ ಬಿಸಿಯಾಗುವಾಗ ನೂರಾರು ವ್ಯಾಟ್ ಒಮ್ಮೆಲೇ ಕೇಳುತ್ತದೆ.

ಗದಗಿನಲ್ಲಿರುವ ನನ್ನ ತಮ್ಮನ ತೊಂದರೆ ಬೇರೆ. ಅವನದು ಗ್ರಾಫಿಕ್ಸ್ ಕಾರ್ಡ್ ಹಾಕಿದ ದೊಡ್ಡ ಮಷಿನ್. ಬ್ಯಾಟರಿ ಹೊಸದು, ಬಲ್ಬು ಪರೀಕ್ಷೆ ಪಾಸು, ಆದರೂ ಕರೆಂಟ್ ಹೋದೊಡನೆ ಕಂಪ್ಯೂಟರ್ ಆರುತ್ತಿತ್ತು. ಕಂಪ್ಯೂಟರ್ ಒಳಗಿನ ಪವರ್ ಸಪ್ಲೈಗೆ ಎಸ್‌ಎಂಪಿಎಸ್ ಅನ್ನುತ್ತಾರೆ. ಒಳ್ಳೆಯ ದರ್ಜೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಅನ್ನುವ ಸರ್ಕ್ಯೂಟ್ ಇರುತ್ತದೆ. ಅಗ್ಗದ ಯುಪಿಎಸ್ ಬ್ಯಾಟರಿಯಿಂದ ಕೊಡುವ ಕರೆಂಟ್ ಮೆಟ್ಟಿಲು ಮೆಟ್ಟಿಲಾಗಿ ಏರಿ ಇಳಿಯುತ್ತದೆ, ಲೈನಿನ ಕರೆಂಟಿನಂತೆ ನುಣುಪಾಗಿ ಇರುವುದಿಲ್ಲ. ಕೆಲವು ಎಸ್‌ಎಂಪಿಎಸ್‌ಗೆ ಅದು ಆಗಿಬರುವುದಿಲ್ಲ. ಬದಲಾಗುವ ಹೊತ್ತಿಗೆ ಒಮ್ಮೆಲೇ ಜಾಸ್ತಿ ಎಳೆದು ಯುಪಿಎಸ್ ಅನ್ನೇ ಟ್ರಿಪ್ ಮಾಡಿಬಿಡುತ್ತವೆ. ಗೇಮ್ ನಡೆದಿದ್ದಾಗ ಆರಿ, ಸುಮ್ನೆ ಡೆಸ್ಕ್‌ಟಾಪ್ ಇದ್ದಾಗ ಆರದಿದ್ದರೆ ಇದೇ ಕಾರಣ ಇರಬಹುದು, ಇಲ್ಲವೇ ಲೋಡ್ ಮಿತಿ ದಾಟಿರಬಹುದು. ಎರಡಕ್ಕೂ ಮದ್ದು ಒಂದೇ: ಪ್ಯೂರ್ ಸೈನ್ ವೇವ್, ಅಂದರೆ ಲೈನಿನಂತೆ ನುಣುಪಾದ ಅಲೆ ಕೊಡುವ, ವ್ಯಾಟ್ ಜಾಸ್ತಿ ಇರುವ ಯುಪಿಎಸ್. ತಮ್ಮ ಅದನ್ನೇ ತಂದ, ಸರಿಹೋಯಿತು.

ವೋಲ್ಟೇಜ್: ನಮ್ಮ ಮನೆಯಲ್ಲಿ ಸಿಕ್ಕಿದ್ದು

ನಮ್ಮದು ಹಳೆಯ ಆಫ್‌ಲೈನ್ ಜಾತಿಯ ಯುಪಿಎಸ್. ಲೈನ್ ವೋಲ್ಟೇಜ್ 180ಕ್ಕಿಂತ ಇಳಿದರೆ ಕರೆಂಟ್ ಹೋಯಿತೆಂದೇ ತಿಳಿದು ಬ್ಯಾಟರಿಗೆ ಹಾರುತ್ತದೆ. ಅಷ್ಟಕ್ಕೆ ಟಿವಿ ಆರುವುದಿಲ್ಲ. ಈಗಿನ ಟಿವಿಗಳು ನೂರು ವೋಲ್ಟಿಗೂ ನಡೆಯುತ್ತವೆ. ಅತ್ತೆಯವರ ಮಾತಿನ ಅರ್ಥ ಇಲ್ಲಿ ಹೊಳೆಯಿತು.

ಮುಂದಿನ ನಳದ ದಿನ ಮಲ್ಟಿಮೀಟರ್ ಹಿಡಿದು ಕಾಯುತ್ತ ಕೂತೆ. ನೀರು ಬರುವ ಮೊದಲು ಕಂಪ್ಯೂಟರ್ ಪಕ್ಕದ ಸಾಕೆಟ್ಟಿನಲ್ಲಿ 224 ಇತ್ತು. ನೀರು ಬಂದು ಓಣಿಯವರೆಲ್ಲ ಮೋಟರ್ ಹಚ್ಚಿದರು, 192 ಆಯಿತು. ನಮ್ಮ ಮೋಟರ್ ಹಚ್ಚಿದೆ. ಶುರುವಾಗುವ ಕ್ಷಣಕ್ಕೆ ಅಂಕಿ ಧಬಕ್ಕನೆ ಬಿತ್ತು, ಓದಲಿಕ್ಕೂ ಆಗಲಿಲ್ಲ. ಆಮೇಲೆ 177ಕ್ಕೆ ನಿಂತಿತು. ಯುಪಿಎಸ್ ಒಳಗಿನ ರಿಲೇ 'ಟಕ್' ಅಂದು ಬೀಪ್ ಶುರುವಾಯಿತು. ಹಿತ್ತಲಿನ ಮೋಟರ್ ಸದ್ದಿನಲ್ಲಿ ಆ ಬೀಪ್ ನನಗೆ ಎಂದೂ ಕೇಳಿಸಿರಲಿಲ್ಲ. ಟಾಕಿ ತುಂಬಲು ಅರ್ಧ ತಾಸು ಬೇಕು. ಎರಡು ಬಲ್ಬಿಗಿಂತ ಕಡಿಮೆ ಎಳೆಯುವ ಕಂಪ್ಯೂಟರಿಗೆ ಬ್ಯಾಟರಿ ಬರುವುದು ಇಪ್ಪತ್ತು ನಿಮಿಷ. ಉಳಿದದ್ದು ನಿಮಗೇ ತಿಳಿಯುತ್ತದೆ.

ಇಷ್ಟಕ್ಕೇ ನಿಲ್ಲಿಸಿ ಸ್ಟೆಬಿಲೈಜರ್ ತಂದಿದ್ದರೆ ದೊಡ್ಡ ತಪ್ಪಾಗುತ್ತಿತ್ತು. ನಮ್ಮದೊಂದೇ ಮೋಟರಿಗೆ 15 ವೋಲ್ಟ್ ಇಳಿಯುವುದು ಜಾಸ್ತಿ ಅನ್ನಿಸಿತು. ಪಕ್ಕದ ಮನೆಯ ವೈನಿಯವರಲ್ಲಿ ಹೋಗಿ ನೋಡಿದರೆ ಅದೇ ಹೊತ್ತಿಗೆ ಅವರ ಸಾಕೆಟ್ಟಿನಲ್ಲಿ 190 ಇತ್ತು, ಅದೂ ಅವರ ಮೋಟರ್ ನಡೆದಿದ್ದಾಗ. ಹಾಗಾದರೆ ಉಳಿದ ವೋಲ್ಟೇಜ್ ನಮ್ಮ ಮನೆಯೊಳಗೇ ಎಲ್ಲೋ ಸೋರುತ್ತಿದೆ. ಸೋರಿದ್ದು ಬಿಸಿಯಾಗಿ ಹೋಗುತ್ತದೆ. ಒಂದು ಅಶ್ವಶಕ್ತಿಯ ಮೋಟರ್ ಆರೇಳು ಆಂಪಿಯರ್ ಎಳೆಯುತ್ತದೆ. 190ರಲ್ಲಿ 177 ಕಳೆದರೆ 13 ವೋಲ್ಟ್, ಗುಣಿಸು 7 ಆಂಪಿಯರ್, ಸುಮಾರು 90 ವ್ಯಾಟ್. ಗೋಡೆಯೊಳಗೆ ಎಲ್ಲೋ ಒಂದು ಕಡೆ 90 ವ್ಯಾಟಿನ ಕಾವು.

ಮರುದಿನ ವೈರ್‌ಮನ್ ಕರೆಸಿದೆ. ಮೀಟರ್ ಬೋರ್ಡು, ಮೇನ್ ಸ್ವಿಚ್ಚಿನ ಕೆಲಸಕ್ಕೆ ನೀವು ಕೈ ಹಾಕಬೇಡಿ, ಲೈಸೆನ್ಸ್ ಇದ್ದವರನ್ನೇ ಕರೆಯಿರಿ. ಅವರು ಮೇನ್ ಬಂದ್ ಮಾಡಿ ಮುಚ್ಚಳ ತೆಗೆದರು. ನ್ಯೂಟ್ರಲ್ ಲಿಂಕಿನ, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್ ಕೂಡುವ ಜಾಗದ ಹಿತ್ತಾಳೆ ಕಪ್ಪಾಗಿತ್ತು. ವೈರಿನ ಮೇಲಿನ ರಬ್ಬರು ಒಂದು ಇಂಚಿನಷ್ಟು ಕಾದು, ಒಣಗಿದ ಹುಣಸೆ ಸಿಪ್ಪೆಯ ಹಾಗೆ ಬಿರಿದಿತ್ತು. ಸ್ಕ್ರೂ ಡ್ರೈವರ್ ಇಟ್ಟು ತಿರುಗಿಸಿದರೆ ಸ್ಕ್ರೂ ಒಂದೂವರೆ ಸುತ್ತು ತಿರುಗಿತು. "ನೋಡ್ರೀ ಅಕ್ಕಾರ, ಇದು ಮೊದಲ ಸಿಕ್ಕಿದ್ದು ಛಲೋ ಆತು" ಅಂದರು. ಸುಟ್ಟ ಭಾಗ ಕತ್ತರಿಸಿ, ಹೊಸ ಲಿಂಕ್ ಹಾಕಿ ಬಿಗಿ ಮಾಡಿದರು. ಮುಂದಿನ ನಳದ ದಿನ ನಮ್ಮ ಮೋಟರ್ ನಡೆದಿದ್ದಾಗಲೂ 189 ಇತ್ತು. ಯುಪಿಎಸ್ ಸದ್ದಿಲ್ಲ.

ಒಂದೇ ಫೇಸಿನ ಮನೆಯಾದ್ದರಿಂದ ನಮಗೆ ವೋಲ್ಟೇಜ್ ಇಳಿಯಿತು. ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಸಡಿಲಾದರೆ ಒಂದು ಫೇಸಿನಲ್ಲಿ ಇಳಿದು ಇನ್ನೊಂದರಲ್ಲಿ 300 ದಾಟಿ ಏರಬಹುದು, ಟಿವಿ ಫ್ರಿಜ್ ಎಲ್ಲ ಸುಡುತ್ತವೆ. ಒಂದು ಕೋಣೆಯ ಲೈಟು ಮಂಕಾಗಿ ಇನ್ನೊಂದು ಕೋಣೆಯದು ಝಗ್ಗನೆ ಉರಿದರೆ ತಡಮಾಡದೆ ಮೇನ್ ಬಂದ್ ಮಾಡಿ. ಓಣಿಯ ಎಲ್ಲ ಮನೆಗಳಲ್ಲೂ ಹಾಗೇ ಆಗುತ್ತಿದ್ದರೆ ತಪ್ಪು ಕಂಬದ ಕಡೆಯದು, ಕರೆಂಟ್ ಕಂಪನಿಯ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ.

ಅರ್ಥಿಂಗ್, ಸಿಡಿಲು

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿದೆಯಾ? ಮೊದಲು ಅರ್ಥಿಂಗ್ ನೋಡಿಸಿ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಒಂದಿಷ್ಟು ಕರೆಂಟನ್ನು ಅರ್ಥಿಗೆ ಬಿಡುತ್ತಲೇ ಇರುತ್ತದೆ. ಅರ್ಥ್ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೇಲೇ ಕೂರುತ್ತದೆ. ಸಾಕೆಟ್ಟಿನಲ್ಲಿ ನ್ಯೂಟ್ರಲ್-ಅರ್ಥ್ ನಡುವೆ ಎರಡು-ಮೂರು ವೋಲ್ಟಿನೊಳಗೆ ಇರಬೇಕು. ಫೇಸ್-ಅರ್ಥ್ ಅಂಕಿ ಫೇಸ್-ನ್ಯೂಟ್ರಲ್ ಅಂಕಿಗೆ ಹತ್ತಿರ ಇರಬೇಕು. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರಿ ಮಣ್ಣು ಬೇಸಿಗೆಯಲ್ಲಿ ಒಣಗಿ ಬಿರಿಯುತ್ತದೆ, ಅರ್ಥ್ ಪೈಪಿಗೂ ಮಣ್ಣಿಗೂ ಸಂಬಂಧ ತಪ್ಪುತ್ತದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ವಾರಕ್ಕೊಮ್ಮೆ ಆ ಗುಂಡಿಗೆ ಒಂದೆರಡು ಕೊಡ ನೀರು ಹಾಕಿ. ಏಪ್ರಿಲ್-ಮೇ ತಿಂಗಳ ಗುಡುಗು-ಸಿಡಿಲಿಗೆ ಯಾವ ಯುಪಿಎಸ್ಸೂ ತಡೆಯಲ್ಲ. ಮೋಡ ಕಪ್ಪಾದರೆ ಪ್ಲಗ್ ಕಿತ್ತಿಡಿ, ಇಂಟರ್‌ನೆಟ್ ಕೇಬಲ್ಲನ್ನೂ ಕಿತ್ತಿಡಿ.

ಮನೆಗೆ ಇನ್ವರ್ಟರ್ ಇದ್ದರೆ

ಹಾವೇರಿಯ ಗೆಳತಿಯೊಬ್ಬಳ ಮನೆಯಲ್ಲಿ ಕರೆಂಟ್ ಹೋಗಿ ಇನ್ವರ್ಟರ್ ನಡೆದಾಗಲೆಲ್ಲ ಯುಪಿಎಸ್ ಬೀಪ್ ಅನ್ನುತ್ತಿತ್ತು. ಅವಳದು ಸ್ಕ್ವೇರ್ ವೇವ್ ಇನ್ವರ್ಟರ್, ಅದರ ಅಲೆ ನುಣುಪಾಗಿರದೆ ಚೌಕಾಕಾರ. ಆ ಕರೆಂಟನ್ನು ಎಷ್ಟೋ ಯುಪಿಎಸ್‌ಗಳು ಕರೆಂಟ್ ಅಂತ ಒಪ್ಪುವುದೇ ಇಲ್ಲ, ಬ್ಯಾಟರಿಗೇ ಹೋಗುತ್ತವೆ. ಇನ್ವರ್ಟರ್ ಸೈನ್ ವೇವ್ ಇದ್ದರೆ ಈ ತಾಪತ್ರಯ ಕಡಿಮೆ. ಇನ್ವರ್ಟರಿನ ಹಿಂದೆ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇದ್ದರೆ ಅದನ್ನು ಹಾಕಿ ನೋಡಿ. ಆಗ ಅದು ಬೇಗ ಬದಲಾಗುತ್ತದೆ, ಎಷ್ಟೋ ಸಾದಾ ಕಂಪ್ಯೂಟರ್‌ಗಳು ಬೇರೆ ಯುಪಿಎಸ್ ಇಲ್ಲದೆಯೂ ನಡೆದುಬಿಡುತ್ತವೆ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ 180ರ ಸುಮಾರಿಗೆ ಇಳಿದರೂ ಇನ್ವರ್ಟರ್ ಬ್ಯಾಟರಿಗೆ ಹಾರುತ್ತದೆ. ನಮ್ಮಂಥ ಓಣಿಗಳಲ್ಲಿ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟೆಲ್ಲ ನೋಡಿದ ಮೇಲೆ, ಯಾವುದು ತರಬೇಕು?

ವೋಲ್ಟೇಜ್ ಏರಿಳಿತ ಇರುವ ಓಣಿಯಾದರೆ ಲೈನ್-ಇಂಟರಾಕ್ಟಿವ್ ಜಾತಿಯದೇ ತನ್ನಿ. ಅದರೊಳಗೆ ಎವಿಆರ್ ಇರುತ್ತದೆ. ವೋಲ್ಟೇಜ್ ಇಳಿದಾಗ ಬ್ಯಾಟರಿ ಮುಟ್ಟದೆ ತಾನೇ ಏರಿಸಿ ಕೊಡುತ್ತದೆ. ಚೀಟಿಯಲ್ಲಿ ಇನ್‌ಪುಟ್ 140ರಿಂದ 300 ವೋಲ್ಟ್ ಅಂತ ಇದ್ದರೆ ನಮ್ಮ ಕಡೆಗೆ ಸರಿಹೊಂದುತ್ತದೆ. ನನ್ನ ಪ್ರಕಾರ ಮನೆಯ ಕಂಪ್ಯೂಟರಿಗೆ ಎಲ್ಲಕ್ಕಿಂತ ಮುಖ್ಯ ಅಂಕಿ ಇದೇ. ವಿಎ ಆಮೇಲೆ. ಎಳೆತ 200 ವ್ಯಾಟಿನೊಳಗಿದ್ದರೆ 600 ವಿಎ ಸಾಕು. 300ರ ಆಸುಪಾಸಿದ್ದರೆ 1000 ಅಥವಾ 1100 ಬೇಕು. ಆನ್‌ಲೈನ್ ಯುಪಿಎಸ್ ಯಾವಾಗಲೂ ಇನ್ವರ್ಟರ್ ಮೂಲಕವೇ ಕರೆಂಟ್ ಕೊಡುತ್ತದೆ, ಬದಲಾಗುವ ಹೊತ್ತೇ ಇಲ್ಲ. ಬೆಲೆ ಮಾತ್ರ ಬಹಳ, ಫ್ಯಾನ್ ಸದ್ದು ಬೇರೆ. ಮನೆಗೆ ಅದು ಬೇಕಾಗುವುದು ಅಪರೂಪ.

ಅಂಗಡಿಯಲ್ಲಿ ಎರಡು ಮಾತು ಕೇಳಿ: ಬ್ಯಾಟರಿ ಬದಲಿಸುವುದು ಸಲೀಸಾ, ಬ್ಯಾಟರಿಗೆ ಎಷ್ಟು ದಿನದ ವಾರಂಟಿ. ಪೆಟ್ಟಿಗೆಯ ವಾರಂಟಿ ಬೇರೆ, ಬ್ಯಾಟರಿಯದು ಬೇರೆ ಇರುತ್ತದೆ. ಬ್ಯಾಟರಿಯ ಮೇಲೆ ತಯಾರಾದ ತಿಂಗಳು ನೋಡಿಕೊಳ್ಳಿ, ಅಂಗಡಿಯಲ್ಲೇ ವರ್ಷ ಕೂತಿದ್ದು ಬೇಡ. ಯುಎಸ್‌ಬಿ ಇರುವ ಯುಪಿಎಸ್ ಆದರೆ ಇನ್ನೂ ಒಳ್ಳೆಯದು. ಬ್ಯಾಟರಿ ಮುಗಿಯುವ ಮೊದಲು ಕಂಪ್ಯೂಟರಿಗೆ ಹೇಳುತ್ತದೆ, ಅದು ತಾನೇ ಕೆಲಸ ಉಳಿಸಿಕೊಂಡು ಹೈಬರ್ನೇಟ್ ಆಗುವಂತೆ ಹೊಂದಿಸಬಹುದು. ನಾನು ಹಿತ್ತಲಲ್ಲಿ ಇದ್ದಾಗ ನನಗೆ ಬೇಕಾಗಿದ್ದದ್ದು ಅದೇ.

ರೌಟರನ್ನು ಮರೆಯಬೇಡಿ. ಹತ್ತು ವ್ಯಾಟೂ ಎಳೆಯದ ಅದನ್ನು ಯುಪಿಎಸ್‌ಗೇ ಹಚ್ಚಿ. ಮಕ್ಕಳು ಆನ್‌ಲೈನ್ ಪರೀಕ್ಷೆ ಬರೆಯುವಾಗ ಕಂಪ್ಯೂಟರ್ ಉಳಿದು ನೆಟ್ ಹೋದರೆ ಏನು ಉಪಯೋಗ?

ಹಳೆಯ ಬ್ಯಾಟರಿ ಕಸದ ಗಾಡಿಗೆ ಹಾಕಬೇಡಿ, ಒಳಗೆ ಸೀಸ, ಆಸಿಡ್ ಇರುತ್ತದೆ. ಹೊಸದು ಕೊಂಡ ಅಂಗಡಿಯಲ್ಲೇ ಕೊಡಿ, ಸಾಮಾನ್ಯವಾಗಿ ಬೆಲೆಯಲ್ಲಿ ಒಂದಿಷ್ಟು ಮುರಿದುಕೊಳ್ಳುತ್ತಾರೆ. ಕೊಡುವ ಮೊದಲು ಒಮ್ಮೆ ಎರಡು ಬಲ್ಬು ಹಚ್ಚಿ ನೋಡಿ.